ಇಳಿಯದ ಅಕ್ಕಿ ಡಬ್ಬ

ಜೂನ್ 2, ಮಂಗಳವಾರ

ಸಾಮಾನು ತಂದು ಡಬ್ಬಗಳಿಗೆ ತುಂಬಿದ್ದಾಯ್ತು. ಆರು ಸಾವಿರದೊಳಗೇ ನಿಂತಿದೆ. ತುಪ್ಪ, ಗೋಡಂಬಿ ಬಿಟ್ಟಿದ್ದಕ್ಕೆ. ಸೈಟಿನ ಕಂತು ಶುರುವಾದ ಮೇಲೆ ಇದು ಮೂರನೇ ತಿಂಗಳು. ಏಪ್ರಿಲ್‌ನಲ್ಲಿ ಎಣ್ಣೆ ಕೈಕೊಡ್ತು, ಮೇನಲ್ಲಿ ಅಕ್ಕಿ. ಈ ಸಲ ಬಿಡಲ್ಲ. ಅಕ್ಕಿ ಲೋಟದಲ್ಲಿ ಅಳೆದೇ ಹಾಕೋದು. ಮೀನು ಭಾನುವಾರ ಮಾತ್ರ.

ಊಟಕ್ಕೆ ಕೂತಾಗ ಎಲ್ಲರಿಗೂ ಹೇಳ್ದೆ. ಇವರು ಫೋನ್ ನೋಡ್ತಾನೇ ಹೂಂ ಅಂದ್ರು. ಮಗಳು ಶ್ರಾವ್ಯಾ, ಬಿಸ್ಕತ್ತಿಗೂ ಲೆಕ್ಕ ಇದ್ಯಾ ಅಂತ ಕೇಳಿದ್ಲು. ಅತ್ತೆ ತಟ್ಟೆ ಅಂಚಿನ ಅಗುಳು ಕೂಡಿಸ್ತಾ ಕೂತಿದ್ರು. ಮಾವ ಹೋದ ಮೇಲೆ ಆನಂದಪುರದಿಂದ ಸಾಗರಕ್ಕೆ ಬಂದು ಎರಡು ವರ್ಷ ಆಯ್ತು, ಇನ್ನೂ ನೆಂಟರ ಮನೇಲಿ ಕೂತ ಹಾಗೇ ಕೂರ್ತಾರೆ.

ಜೂನ್ 13, ಶನಿವಾರ

ವಿಚಿತ್ರ. ತಿಂಗಳು ಅರ್ಧ ಆಗ್ತಾ ಬಂತು, ಅಕ್ಕಿ ಅಷ್ಟು ಇಳಿದೇ ಇಲ್ಲ. ಬೇಳೆನೂ ಹಾಗೇ. ನಾನೇನಾದ್ರೂ ಎರಡು ಸಲ ತಂದ್ನಾ? ಇಲ್ಲ.

ಇವರಿಗೆ ಹೇಳಿದ್ರೆ, ಉಳಿದ್ರೆ ಒಳ್ಳೇದೇ ಅಲ್ವಾ ಅಂದ್ರು. ಹೌದು, ಒಳ್ಳೇದೇ. ಖುಷಿಯಾಗಬೇಕು. ಆಗಿದೆ ಕೂಡ... ಆದ್ರೂ ನಾಲ್ಕು ಜನ ಉಣ್ಣೋ ಮನೇಲಿ ಅಕ್ಕಿ ಹೀಗೆ ಕೂತಿರಲ್ಲ.

ಜೂನ್ 18, ಗುರುವಾರ

ಅತ್ತೆ ಮಧ್ಯಾಹ್ನ ಉಣ್ತಾ ಇಲ್ವಾ?

ಇವರು ಡಬ್ಬಿ ಕಟ್ಕೊಂಡು ಹೊಸನಗರದ ಶೋರೂಮಿಗೆ ಹೋಗ್ತಾರೆ. ಶ್ರಾವ್ಯಾಗೆ ಸ್ಕೂಲಲ್ಲೇ ಊಟ. ನಾನು ಲ್ಯಾಬಲ್ಲಿ ಕೆಲಸ ಮುಗಿಸಿ ಬರೋದು ಸಂಜೆ. ಮಧ್ಯಾಹ್ನ ಮನೇಲಿರೋದು ಅತ್ತೆ ಒಬ್ರೇ. ಬೆಳಿಗ್ಗೆ ಅನ್ನದ ಮೇಲೆ ಸೌಟಿಂದ ಒಂದು ಗೀರು ಹಾಕಿಟ್ಟು ಹೋಗಿದ್ದೆ. ಸಂಜೆ ಬಂದು ನೋಡಿದ್ರೆ ಗೀರು ಹಾಗೇ ಇದೆ. ರಾತ್ರಿ ಅಡುಗೆ ಅತ್ತೆದೇ. ಅದನ್ನೇ ಬಿಸಿ ಮಾಡಿ, ಸ್ವಲ್ಪ ಹೊಸ ಅಕ್ಕಿ ಇಟ್ಟು, ರಾತ್ರಿಗೆ ಸರಿತೂಗಿಸ್ತಿದಾರೆ. ನಾನು ಹೀಗೆ ಕದ್ದು ನೋಡಿದ್ದು ಸರಿಯಾ? ಗೊತ್ತಿಲ್ಲ.

ಕೇಳ್ದೆ. ಉಂಡೆ ಅಂದ್ರು. ಏನು ಉಂಡ್ರಿ? ಅನ್ನ. ಮುಗೀತು ಮಾತು.

ನನ್ನ ಲೆಕ್ಕ ಉಳಿಸೋಕೆ ಉಪವಾಸ ಇದಾರೆ ಅಂದ್ಕೊಂಡೆ. ಆದ್ರೆ ಹೋದ ವಾರವಷ್ಟೇ ಅತ್ತೆಯ ಎರಡು ರವಿಕೆ ಬಿಗಿಯಾಯ್ತು ಅಂತ ಪಕ್ಕದ ಹೊಲಿಗೆ ಬಿಚ್ಚಿಕೊಟ್ಟಿದೀನಿ. ಉಪವಾಸ ಇದ್ದವರು ದಪ್ಪ ಆಗ್ತಾರಾ?

ಜೂನ್ 22, ಸೋಮವಾರ

ಅತ್ತೆನ ಲ್ಯಾಬಿಗೆ ಕರ್ಕೊಂಡು ಹೋಗಿ ರಕ್ತ ಕೊಡಿಸ್ದೆ. ಶುಗರ್ ಇಲ್ಲ. ಥೈರಾಯ್ಡ್ ಇಲ್ಲ. ಎಲ್ಲ ನಾರ್ಮಲ್. ನನಗೇ ಏನೋ ಆಗಿರಬೇಕು.

ರಕ್ತ ತೆಗೆಯೋ ತೀರ್ಥೇಶ್ ಅತ್ತೆನ ನೋಡಿ ನಕ್ಕ. ಅತ್ತೆನೂ ನಕ್ರು, ಪರಿಚಯದವರ ಹಾಗೆ. ಆಮೇಲೆ ಕೇಳಿದ್ರೆ, ಪೇಟೆಲಿ ಎಲ್ಲೋ ನೋಡಿದೀನಿ ಅಂತ ಜಾರ್ಕೊಂಡ.

ಜೂನ್ 25, ಗುರುವಾರ. ಸಂಜೆ 5

ಮನೆಗೆ ಬಂದವಳೇ ಬರೀತಿದೀನಿ.

ಇವತ್ತು ಊಟದ ಡಬ್ಬಿ ಮರೆತು ಹೋಗಿದ್ದೆ. ಇಲ್ಲಿ ಎಲ್ಲಿ ಊಟ ಚೆನ್ನಾಗಿರುತ್ತೆ ಅಂತ ತೀರ್ಥೇಶನ್ನ ಕೇಳ್ದೆ. ತಡವರಿಸಿದ. ಕೊನೆಗೆ ಬಸ್‌ಸ್ಟ್ಯಾಂಡ್ ಹಿಂದಿನ ಸರೋಜಕ್ಕನ ಮೆಸ್ಸಿಗೆ ಕರ್ಕೊಂಡು ಹೋದ.

ಅಲ್ಲಿ ಅತ್ತೆ. ಸೆರಗು ಸೊಂಟಕ್ಕೆ ಸಿಗಿಸಿ, ಕೈಲಿ ಸೌಟು, ಡ್ರೈವರುಗಳಿಗೆ ಸಾರು ಬಡಿಸ್ತಾ. ಯಾರೋ ಏನೋ ಹೇಳಿದ್ರು, ಅತ್ತೆ ಜೋರಾಗಿ ನಕ್ರು. ಎರಡು ವರ್ಷದಲ್ಲಿ ಆ ನಗು ನಾನು ಕೇಳೇ ಇಲ್ಲ.

ನನ್ನ ನೋಡಿದ್ರು. ಸೌಟು ಒಂದು ಗಳಿಗೆ ಹಾಗೇ ನಿಂತಿತು. ಆಮೇಲೆ ತಟ್ಟೆ ತಂದು ಇಟ್ರು.

"ಕೂತ್ಕೋ. ಬಂಗಡೆ ಸಾರಿದೆ."

ಕೂತೆ. ಉಂಡೆ. ಏನು ಮಾಡ್ಬೇಕಿತ್ತು ಬೇರೆ? ಕೈ ತೊಳೆಯುವಾಗ ಸರೋಜಕ್ಕನೇ ಹೇಳಿದ್ರು. ಅವರೂ ಆನಂದಪುರದವರೇ, ಅತ್ತೆಗೆ ಹಳೇ ಪರಿಚಯ. ಜೊತೆಗಿದ್ದ ಹುಡುಗಿ ಮೇ ಕೊನೇಲಿ ಬಾಣಂತನಕ್ಕೆ ಹೋದ್ಲಂತೆ. ತರಕಾರಿಗೆ ಬಂದ ಅತ್ತೆ ಒಂದು ದಿನ ನಿಂತು ಕೈ ಹಚ್ಚಿದವರು, ಮಾರನೇ ದಿನ ತಾವೇ ಬಂದ್ರಂತೆ. ನಾನು ಲ್ಯಾಬಿಗೆ ಹೊರಟ ಮೇಲೆ ಬಂದು, ನಾನು ಮನೆ ಸೇರೋದ್ರೊಳಗೆ ಹೋಗ್ತಾರೆ.

ನನಗೆ ಸಿಟ್ಟು ಬರ್ಬೇಕಾ? ನಾಚಿಕೆಯಾ? ಸಾರು ಮಾತ್ರ ನಮ್ಮನೇದಕ್ಕಿಂತ ಚೆನ್ನಾಗಿತ್ತು. ಮಾಡಿದ್ದು ಅದೇ ಕೈ.

ಜೂನ್ 26, ಶುಕ್ರವಾರ

ಇವರಿಗೆ ಹೇಳಬಾರದಿತ್ತೇನೋ. ನಾನು ಹೇಳ್ದೆ ಇದ್ರೂ ಪೇಟೆಲಿ ಯಾರಾದ್ರೂ ಹೇಳ್ತಿದ್ರು.

ನಮ್ಮಮ್ಮ ಬಸ್‌ಸ್ಟ್ಯಾಂಡಲ್ಲಿ ಬಡಿಸೋದಾ, ಮಗ ಊಟ ಹಾಕಲ್ಲ ಅಂತ ಜನ ಅನ್ನಲ್ವಾ ಅಂತ ಕೂಗಾಡಿದ್ರು. ಆಮೇಲೆ ನನ್ನ ಕಡೆ ತಿರುಗಿ, ಎಲ್ಲ ನಿನ್ನ ಲೋಟದ ಲೆಕ್ಕದಿಂದ ಅಂದ್ರು. ಸೈಟು ಬೇಕು ಅಂತ ಕುಣಿದವರು ಯಾರು? ಅದನ್ನ ಕೇಳೋಣ ಅಂದ್ಕೊಂಡೆ... ಕೇಳ್ಲಿಲ್ಲ. ಅವರಂದಿದ್ದು ಪೂರ್ತಿ ಸುಳ್ಳು ಅನ್ನೋಕೂ ಆಗಲ್ಲ.

ಅತ್ತೆ ಎಲ್ಲ ಕೇಳಿಸ್ಕೊಂಡು, ದನಿ ಏರಿಸದೇ, "ನಾಳೆನೂ ಹೋಗ್ತೀನಿ ಹರ್ಷ" ಅಂದ್ರು.

ಇವರು ಅರ್ಧ ಊಟಕ್ಕೇ ಎದ್ದು ಹೋದ್ರು.

ಜುಲೈ 1, ಬುಧವಾರ

ನಾಲ್ಕು ದಿನ ಬರೆಯೋಕೆ ಏನೂ ಇರಲಿಲ್ಲ. ಇವರು ಶೋರೂಮಿಗೆ, ಅತ್ತೆ ಮೆಸ್ಸಿಗೆ, ನಾನು ಲ್ಯಾಬಿಗೆ.

ಸಂಜೆ ಇಬ್ರೇ ಕೂತು ಹರಿವೆ ಸೊಪ್ಪು ಬಿಡಿಸ್ತಿದ್ವಿ. ಯಾಕೆ ಹೋಗ್ತೀರಿ ಅತ್ತೆ ಅಂತ ಕೇಳೇಬಿಟ್ಟೆ. ಮನೇಲಿ ಹೊತ್ತು ಹೋಗಲ್ಲ ಅಂದ್ರು. ಸರಿ, ಅಷ್ಟೇ ಅಂದ್ಕೊಂಡೆ. ಇನ್ನೊಂದು ಹಿಡಿ ಸೊಪ್ಪು ತಗೊಂಡು, ತಲೆ ಎತ್ತದೇ ಹೇಳಿದ್ರು:

"ಅಲ್ಲಿ ಎರಡನೇ ಸಲ ಹಾಕ್ಕೊಂಡ್ರೆ ಯಾರೂ ತಟ್ಟೆ ನೋಡಲ್ಲ ಕಣೆ."

ನಾನು ಯಾರ ತಟ್ಟೆನೂ ನೋಡಲ್ಲ. ಪಾತ್ರೆ ನೋಡ್ತೀನಿ, ಎಷ್ಟು ಉಳೀತು ಅಂತ. ಎರಡೂ ಒಂದೇನಾ? ಉಣ್ಣೋರಿಗೆ ಒಂದೇ ಇರಬಹುದು.

ಹೇಳಿದ ಮಾತಲ್ಲಿ ಸಿಟ್ಟೇ ಇರಲಿಲ್ಲ. ಅದೇ ತಿಳೀತಿಲ್ಲ ನನಗೆ. ಅದರ ಬೆನ್ನಿಗೇ, ಮಸಾಲೆ ನೀವೇ ಅರೀರಿ ಅಂತ ಸರೋಜಕ್ಕ ತಮಗೇ ಬಿಟ್ಟಿರೋದನ್ನ ಹೇಳ್ತಾ ಮುಖ ಅರಳಿತು. ಹಾಗಾದ್ರೆ ನನ್ನಿಂದ ತಪ್ಪಿಸ್ಕೊಂಡು ಹೋಗ್ತಿದಾರಾ, ತಮಗೋಸ್ಕರ ಹೋಗ್ತಿದಾರಾ? ನಾನು ಲೋಟ ಬಿಟ್ರೆ ಹೋಗೋದು ಬಿಡ್ತಾರಾ? ಬಿಡಲಿ ಅಂತ ನನಗೆ ಇದೆಯಾ? ಇಲ್ಲ ಅನ್ಸುತ್ತೆ. ಆ ನಗು ಕೇಳಿದ ಮೇಲೆ, ಇಲ್ಲ.

ಈ ತಿಂಗಳ ಸಾಮಾನು ಇನ್ನೂ ತಂದಿಲ್ಲ. ಎಷ್ಟು ಜನಕ್ಕೆ ತರೋದು?

ಜುಲೈ 5, ಭಾನುವಾರ. ಮಧ್ಯಾಹ್ನ

ಮೆಸ್ಸಿಗೆ ರಜ.

ಇವರು ಅಮ್ಮನ ಜೊತೆ ಇನ್ನೂ ನೆಟ್ಟಗೆ ಮಾತಾಡ್ತಿಲ್ಲ. ಆದ್ರೆ ನಿನ್ನೆ ಮಳೆ ಜೋರಿತ್ತು ಅಂತ ಬಸ್‌ಸ್ಟ್ಯಾಂಡ್‌ವರೆಗೆ ಬೈಕಲ್ಲಿ ಬಿಟ್ಟು ಬಂದ್ರಂತೆ. ಹಿಂದೆ ತಿರುಗಿ ನೋಡ್ಲಿಲ್ಲ ಅಂತ ಅತ್ತೆ. ಬಿಟ್ಟಿದ್ದು ಬಿಟ್ಟಿದ್ದೇ ಅಂತ ನಾನು.

ಇವತ್ತು ಅಕ್ಕಿ ಕಣ್ಣಂದಾಜಲ್ಲಿ ಹಾಕ್ದೆ. ಜಾಸ್ತಿನೇ ಆಯ್ತು. ಬಂಗಡೆ ಸಾರು ಅತ್ತೆಯೇ ಮಾಡಿದ್ರು. ಇವರೂ ಶ್ರಾವ್ಯಾನೂ ಉಂಡು ಎದ್ರು. ಅತ್ತೆ ತಟ್ಟೆ ಖಾಲಿ. ಬಡಿಸ್ಲಾ ಅಂತ ಕೇಳಿದ್ರೆ ಸಾಕು ಅಂತಾರೆ. ಕೇಳದೇ ಬಡಿಸಿದ್ರೆ ತಟ್ಟೆ ನೋಡಿದ ಹಾಗೆ. ಏನು ಮಾಡೋದು ಅಂತ ತಿಳೀದೆ ಎದ್ದು ಕಿಟಕಿ ಹತ್ರ ಹೋಗಿ, ಬೆನ್ನು ಮಾಡಿ ನಿಂತೆ. ಹೊರಗೆ ನೋಡೋಕೆ ಏನೂ ಇರಲಿಲ್ಲ. ಸುಮ್ನೆ ನೋಡ್ದೆ.

ಮುಚ್ಚಳ ತೆಗೆದ ಸದ್ದು. ಅನ್ನದಲ್ಲಿ ಸೌಟು. ಸ್ವಲ್ಪ ಬಿಟ್ಟು ಮತ್ತೆ ಸೌಟು.

"ನೀನ್ಯಾಕೆ ಅಲ್ಲಿ ನಿಂತಿದೀಯ, ಬಾ. ತಣ್ಣಗಾಗುತ್ತೆ" ಅಂದ್ರು.

ಹೋಗಿ ಕೂತೆ. ಅತ್ತೆ ತಟ್ಟೆ ತುಂಬ ಅನ್ನ. ನನ್ನದಕ್ಕೂ ಹಾಕೋಕೆ ಬಂದ್ರು. ಒಂದು ಸೌಟು, ಇನ್ನೊಂದು. ಸಾಕು ಅನ್ನೋಕೆ ಬಾಯಿ ತೆಗೆದವಳು ತಟ್ಟೆನ ಇನ್ನಷ್ಟು ಮುಂದೆ ಸರಿಸ್ದೆ.