ಬೀಜಗಣಿತದ ನೋಟ್‌ಬುಕ್ಕಿನ ಎಡಪುಟಗಳು

ಗಣಿತ ವಿಭಾಗದ ಮುಖ್ಯಸ್ಥರಿಗೆ,

ಮಾನ್ಯರೇ, ಈಗ ಸಂಜೆ ಆರೂಕಾಲು. ಇವತ್ತು ಬುಧವಾರ. ಬೆಳಿಗ್ಗೆ ಹತ್ತೂವರೆಯಿಂದ ಮಧ್ಯಾಹ್ನ ಮೂರರವರೆಗೆ ನಾನೂ ನನ್ನ ಮಗಳೂ ನಿಮ್ಮ ವಿಭಾಗದ ಹೊರಗಿನ ಬೆಂಚಿನ ಮೇಲೆ ಕುಳಿತಿದ್ದೆವು. ತಾವು ಎರಡು ಸಲ ನಮ್ಮ ಮುಂದೆಯೇ ಹಾದುಹೋದಿರಿ. ಮೂರು ಗಂಟೆಗೆ ಬಾಗಿಲು ಹಾಕಿದರು, ನಾವು ಬೆಹಾಲಾದ ಮನೆಗೆ ವಾಪಸ್ಸು ಬಂದೆವು. ಅನ್ನ ಮಾಡಿದೆ, ಯಾರೂ ಉಣ್ಣಲಿಲ್ಲ.

ನನ್ನ ದೂರು ಇಷ್ಟು. ತೀರಿಹೋದ ನನ್ನ ಗಂಡನ ಕೈಬರಹವನ್ನು ನನ್ನ ಮಗಳು ತನ್ನ ಕೈಯಾರೆ ರಬ್ಬರಿನಿಂದ ಅಳಿಸಬೇಕು. ಅದಾಗದಿದ್ದರೆ, ಆ ಬರಹ ‘ಹೊರಗಿನ ವ್ಯಕ್ತಿ’ಯೊಬ್ಬರದು ಎಂದು ಬರೆದುಕೊಟ್ಟು ನೋಟ್‌ಬುಕ್ಕನ್ನು ನಿಮ್ಮಲ್ಲೇ ಬಿಟ್ಟು ಬರಬೇಕು. ಎರಡೂ ಒಲ್ಲೆ ಎಂದರೆ ಸೋಮವಾರದ ಬೀಜಗಣಿತ ಪರೀಕ್ಷೆಗೆ ಅವಳನ್ನು ಕೂರಿಸುವುದಿಲ್ಲ. ಇದು ನಿಮ್ಮ ವಿಭಾಗದ ತೀರ್ಮಾನ.

ಈ ವಿಷಯದಲ್ಲಿ ಇದು ಮೂರನೆಯ ಪತ್ರ. ಮೊದಲನೆಯದನ್ನು ಮಗಳು ಇಂಗ್ಲಿಷಿನಲ್ಲಿ ಬರೆದಳು. ಎರಡನೆಯದನ್ನು ನಮ್ಮ ಕೆಳಗಿನ ಮನೆಯ ನಮ್ರತಾ ಬೌದಿ (ಇಲ್ಲಿ ಅತ್ತಿಗೆಗೆ ಹಾಗೆನ್ನುತ್ತಾರೆ) ಬಂಗಾಳಿಯಲ್ಲಿ ಬರೆದುಕೊಟ್ಟರು. ಎರಡೂ ‘ನಿಯಮದಂತೆ ಕ್ರಮ ಕೈಗೊಳ್ಳಲಾಗಿದೆ’ ಎಂಬ ಒಂದೇ ಷರಾದೊಂದಿಗೆ ತಿರುಗಿ ಬಂದವು. ಹಾಗಾಗಿ ಮೂರನೆಯದನ್ನು ನನಗೆ ಬರೆಯಲು ಬರುವ ಒಂದೇ ಭಾಷೆಯಲ್ಲಿ ಬರೆದು, ಕೋಲ್ಕತ್ತಾದ ನಮ್ಮ ಕನ್ನಡ ಕೂಟದ ಮಾಸಪತ್ರಿಕೆಗೆ ಕೊಡುತ್ತಿದ್ದೇನೆ. ತಾವು ಇದನ್ನು ಓದಲಾರಿರಿ ಎಂಬುದು ನನಗೆ ಗೊತ್ತಿದೆ. ಓದಬಲ್ಲ ಭಾಷೆಯಲ್ಲಿ ಬರೆದಾಗ ಆದದ್ದು ಏನು ಎಂಬುದೂ ಗೊತ್ತಿದೆ. ನಾನು ಓದಿದ್ದು ಹತ್ತನೆಯ ತರಗತಿಯವರೆಗೆ, ಧಾರವಾಡದಲ್ಲಿ. ದಿನಕ್ಕೆ ನಾಲ್ಕು ಸಾಲು ಡೈರಿ ಬರೆಯುವ ಅಭ್ಯಾಸ ಬಿಟ್ಟರೆ ಬರವಣಿಗೆ ನನ್ನ ಕೆಲಸವಲ್ಲ. ತಪ್ಪಿದ್ದರೆ ಮನ್ನಿಸಬೇಕು.

ಆಗಸ್ಟಿನಲ್ಲಿ ತರಗತಿ ಶುರುವಾದ ದಿನ ನಿಮ್ಮ ವಿಭಾಗ ಎಲ್ಲ ಮಕ್ಕಳಿಗೂ ಒಂದು ಹಾಳೆ ಹಂಚಿತು. ಬೀಜಗಣಿತ ತೆಗೆದುಕೊಳ್ಳುವ ವಿದ್ಯಾರ್ಥಿಗಳಿಂದ ಏನೇನು ನಿರೀಕ್ಷೆ, ಏನೇನು ಕಡ್ಡಾಯ ಎಂದು ಹದಿನಾಲ್ಕು ನಿಯಮ. ನೂರಕ್ಕೆ ಎಪ್ಪತ್ತೈದು ಹಾಜರಿ. ಒಂದು ಗಂಟೆಯ ಪಾಠಕ್ಕೆ ಮನೆಯಲ್ಲಿ ಎರಡು ಗಂಟೆಯ ಅಭ್ಯಾಸ. ಪ್ರತಿ ವಾರದ ಲೆಕ್ಕಗಳನ್ನು ನೋಟ್‌ಬುಕ್ಕಿನ ಬಲಪುಟದಲ್ಲಿ ಶಾಯಿಯಿಂದ ಬರೆದು ಅಧ್ಯಾಪಕರ ಸಹಿ ಪಡೆಯಬೇಕು, ಎಡಪುಟ ಕಚ್ಚಾ ಕೆಲಸಕ್ಕೆ. ಇದನ್ನೆಲ್ಲ ಮಗಳು ಓದಿ ಅರ್ಥ ಹೇಳಿದಾಗ ನನ್ನ ಗಂಡ ಉಮಾಪತಿಯವರಿಗೆ ಸಂತೋಷವಾಯಿತು. “ಶಿಸ್ತಿನ ಕಾಲೇಜು,” ಎಂದರು. ಅವರಿಗೆ ಬಹಳ ಹಿಡಿಸಿದ್ದು ಏಳನೆಯ ನಿಯಮ: ‘ಅರ್ಥವಾಗದಿದ್ದರೆ ನಾಚಿಕೊಳ್ಳದೆ, ತಡಮಾಡದೆ ಸಹಾಯ ಕೇಳಿ.’ ಹಾಳೆಯನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದು ಅವರೇ. ಹನ್ನೊಂದನೆಯ ನಿಯಮವೂ ಅದೇ ಹಾಳೆಯಲ್ಲಿತ್ತು: ‘ನೋಟ್‌ಬುಕ್ಕಿನಲ್ಲಿ ವಿದ್ಯಾರ್ಥಿಯದಲ್ಲದೆ ಬೇರೆ ಯಾರ ಕೈಬರಹವೂ ಇರಕೂಡದು.’ ಅದನ್ನೂ ಅವರು ಓದಿದ್ದರು. ಅದು ನಕಲು ಮಾಡುವವರಿಗೆ ಎಂದುಕೊಂಡರು. ರೈಲ್ವೆಯಲ್ಲಿ ಇಪ್ಪತ್ತಾರು ವರ್ಷ ಸಿಗ್ನಲ್ ನೋಡಿಕೊಂಡ ಮನುಷ್ಯ ನಿಯಮವನ್ನು ಲಘುವಾಗಿ ಕಾಣುವವರಲ್ಲ.

ಮಗಳು ವರ್ಷಿಣಿ ಮೂರನೆಯ ವಾರಕ್ಕೇ ತೊಡಕಿಗೆ ಬಿದ್ದಳು. ಸಹಾಯ ಕೇಳಲು ಹೋದಳು. ನಿಮ್ಮ ವಿಭಾಗದ ಸಹಾಯದ ಪಿರಿಯಡ್ಡು ಶುಕ್ರವಾರ ನಾಲ್ಕು ಗಂಟೆಗೆ. ಆಗಸ್ಟಿನಿಂದ ಡಿಸೆಂಬರಿನವರೆಗೆ ಅದು ಮೂರು ಸಲ ನಡೆಯಿತು. ಒಂದು ಸಲ ಅಧ್ಯಾಪಕರು ಬಂದು, ಇವತ್ತು ಇಲ್ಲ ಎಂದು ಹೇಳಿಹೋದರು. ಅದನ್ನೂ ಸೇರಿಸಿಯೇ ಮೂರು.

ಆಗ ಅವಳು ಅಪ್ಪನನ್ನು ಕೇಳಿದಳು. ಅವರು ಹುಬ್ಬಳ್ಳಿಯಲ್ಲಿ ಡಿಪ್ಲೊಮಾ ಮಾಡಿದವರು, ಗಣಿತವೆಂದರೆ ಪ್ರಾಣ. ಆದರೆ ಅವರದು ಬೆಳಿಗ್ಗೆ ಐದಕ್ಕೆ ಮನೆ ಬಿಡುವ ಪಾಳಿ, ಇವಳು ಏಳುವುದು ಏಳಕ್ಕೆ. ಸಂಜೆ ಇವಳು ಬರುವಷ್ಟರಲ್ಲಿ ಅವರು ಊಟ ಮಾಡಿ ಮಲಗುವ ಹೊತ್ತು. ಹೀಗಾಗಿ ಅಪ್ಪ ಮಗಳು ಒಂದು ಪದ್ಧತಿ ಮಾಡಿಕೊಂಡರು. ಇವಳು ತನಗೆ ಬಾರದ ಲೆಕ್ಕವನ್ನು ಬಲಪುಟದಲ್ಲಿ ಎಲ್ಲಿ ನಿಂತಿತೋ ಅಲ್ಲಿಯವರೆಗೆ ಬರೆದು ನೋಟ್‌ಬುಕ್ಕನ್ನು ಚಹಾದ ಡಬ್ಬಿಯ ಪಕ್ಕದಲ್ಲಿ ಇಡುವಳು. ಅವರು ಬೆಳಿಗ್ಗೆ ಚಹಾ ಕುಡಿಯುತ್ತ ಎಡಪುಟದಲ್ಲಿ ಪೆನ್ಸಿಲ್ಲಿನಿಂದ ಒಂದೆರಡು ಸಾಲು ಬರೆದು ಹೋಗುವರು. ಉತ್ತರ ಮಾತ್ರ ಎಂದೂ ಬರೆಯುತ್ತಿರಲಿಲ್ಲ. ನಾನೇ ಒಮ್ಮೆ ಕೇಳಿದ್ದೆ, “ಅಷ್ಟು ಗೊತ್ತಿದ್ದರ ಮುಗಿಸಿ ಕೊಡಬಾರದೇನ್ರೀ? ಹುಡುಗಿ ಅಳಾಕತ್ತಾಳ.” “ಅಳ್ಳಿ ಬಿಡ. ನಾ ಮುಗಿಸಿದ್ರ ಅದು ನನ್ನ ಲೆಕ್ಕ ಆಕ್ಕೈತಿ,” ಎಂದಿದ್ದರು.

ಬರೆಯುತ್ತಿದ್ದದ್ದು ಕನ್ನಡದಲ್ಲಿ. ವರ್ಷಿಣಿ ಹುಟ್ಟಿ ಬೆಳೆದದ್ದು ಇಲ್ಲಿಯೇ. ಕನ್ನಡ ಕೇಳಿದರೆ ತಿಳಿಯುತ್ತದೆ, ಮಾತಾಡಿದರೆ ಅರ್ಧಕ್ಕೆ ಹಿಂದಿಗೆ ಹೋಗುತ್ತಾಳೆ. ಓದಲು ಒಂದಕ್ಷರ ಬರುತ್ತಿರಲಿಲ್ಲ. ಹದಿನೆಂಟು ವರ್ಷ ನಾನು ಬೈದೂ ಮುದ್ದು ಮಾಡಿಯೂ ಕಲಿಸಲಾಗದ್ದನ್ನು ನಿಮ್ಮ ಬೀಜಗಣಿತ ಎರಡು ತಿಂಗಳಲ್ಲಿ ಕಲಿಸಿತು, ಏಕೆಂದರೆ ಓದದೆ ಲೆಕ್ಕ ಮುಂದೆ ಹೋಗುತ್ತಿರಲಿಲ್ಲ. ಮೊದಮೊದಲು ನನ್ನ ಹತ್ತಿರ ಬಂದು ಒಂದೊಂದೇ ಅಕ್ಷರ ಕೇಳುವಳು. ‘ಚಿಹ್ನಿ ನೋಡು.’ ‘ಎರಡೂ ಕಡೆ ಒಂದ ಕೆಲಸ ಮಾಡು.’ ‘ಮೂರು ಮೂಲದ ಮೊತ್ತ ಎಷ್ಟು, ಅದನ್ನ ಮೊದಲ ಬರಿ.’ ‘ಇದನ್ನ ನಿನ್ನೆನೂ ತಪ್ಪಿದ್ದಿ, ಕತ್ತಿ.’ ಕತ್ತೆ ಎಂದು ಅಪ್ಪ ಬೈದದ್ದನ್ನು ತಾನೇ ಅಕ್ಷರ ಕೂಡಿಸಿ ಓದಿದ ದಿನ ಅವಳು ನಕ್ಕ ನಗೆ ನನ್ನ ಡೈರಿಯಲ್ಲಿದೆ. ಅಕ್ಟೋಬರ್ ಒಂಬತ್ತು.

ಕಾಳಿಪೂಜೆಯ, ಅಂದರೆ ನಮ್ಮ ದೀಪಾವಳಿಯ, ಮುಂದಿನ ವಾರ ಅವರು ಕೆಲಸದಲ್ಲಿರುವಾಗಲೇ ಎದೆ ಹಿಡಿದುಕೊಂಡು ಕುಸಿದರು. ಆಸ್ಪತ್ರೆಗೆ ಹೋಗುವಷ್ಟರಲ್ಲಿ ಮುಗಿದಿತ್ತು. ಅದರ ಬಗ್ಗೆ ಇಲ್ಲಿ ಬರೆಯುವುದಿಲ್ಲ.

ನೋಟ್‌ಬುಕ್ಕಿನಲ್ಲಿ ಅವರ ಕೈಬರಹ ನಲವತ್ತೇಳು ಪುಟದಲ್ಲಿದೆ. ನಾನು ಎಣಿಸಿದ್ದೇನೆ. ಉಳಿದಂತೆ ಮನೆಯಲ್ಲಿ ಅವರ ಸಹಿಗಳಿವೆ, ಇಂಗ್ಲಿಷಿನಲ್ಲಿ ತುಂಬಿದ ಫಾರಂಗಳಿವೆ. ಕನ್ನಡದಲ್ಲಿ ಅವರು ಯಾರಿಗೆ ಬರೆಯಬೇಕಿತ್ತು? ನಾವು ಒಂದೇ ಮನೆಯಲ್ಲಿದ್ದೆವು. ಏನಿದ್ದರೂ ಬಾಯಲ್ಲಿ ಹೇಳುತ್ತಿದ್ದರು.

ಡಿಸೆಂಬರಿನಲ್ಲಿ ನೋಟ್‌ಬುಕ್ಕು ಒಪ್ಪಿಸುವ ಹಿಂದಿನ ದಿನ ವರ್ಷಿಣಿ ರಬ್ಬರು ಹಿಡಿದುಕೊಂಡು ನನ್ನ ಹತ್ತಿರ ಬಂದಳು. “ಅವ್ವಾ, ರೂಲ್ ಇಲೆವನ್ ಐತಿ. ಅಪ್ಪಾಂದು ಸಬ್ ರಬ್ ಮಾಡ್ಬೇಕು ಅನಸ್ತದ. ಮಾಡ್ಲಿ?” ನಾನು ಅವಳ ಕೈಯಿಂದ ರಬ್ಬರು ಕಿತ್ತುಕೊಂಡೆ. “ಅಳಸಬ್ಯಾಡ. ಹಂಗ ಕೊಡು. ಅವರೂ ಮಕ್ಕಳೊಂದಿಗರು, ತಿಳಕೋತಾರ,” ಎಂದೆ. ಮಾನ್ಯರೇ, ಈ ಪ್ರಕರಣದಲ್ಲಿ ತಪ್ಪು ಮಾಡಿದವರು ಯಾರಾದರೂ ಇದ್ದರೆ ಅದು ನಾನು. ನಿಯಮ ಅವಳಿಗೆ ನೆನಪಿತ್ತು. ನಿಮ್ಮ ಮೇಲೆ ಭರವಸೆ ಇಟ್ಟವಳು ನಾನು.

ನಿಮ್ಮ ವಿಭಾಗಕ್ಕೆ ಕೆಲವು ಪ್ರಶ್ನೆಗಳಿವೆ. ಆ ನೋಟ್‌ಬುಕ್ಕಿನ ಬಲಪುಟಗಳಲ್ಲಿ ಹದಿಮೂರು ವಾರದ ಹದಿಮೂರು ಸಹಿಗಳಿವೆ. ಸಹಿ ಹಾಕುವಾಗ ಪಕ್ಕದ ಪುಟ ಕಾಣಲಿಲ್ಲವೇ? ಒಂದೇ ದಿನ ಕುಳಿತು ಆರು ವಾರದ ಸಹಿ ಹಾಕಿದರೆ ಕಾಣದೇ ಇರಬಹುದು, ಒಪ್ಪುತ್ತೇನೆ. ಆ ವೇಗಕ್ಕೂ ಹದಿನಾಲ್ಕರಲ್ಲಿ ಒಂದು ನಿಯಮ ಇದೆಯೇ? ಸಹಾಯ ಕೇಳಿ ಎನ್ನುವ ನಿಯಮ, ಸಹಾಯ ಮಾಡಿದವನ ಗುರುತು ಇರಬಾರದು ಎನ್ನುವ ನಿಯಮ, ಇವೆರಡನ್ನೂ ಬರೆದದ್ದು ಒಂದೇ ಕೈಯೇ? ಶುಲ್ಕ ತೆಗೆದುಕೊಂಡು ಮನೆಪಾಠ ಹೇಳುವವರ ಹತ್ತಿರ ಕಲಿತು ಬಂದು ಅಚ್ಚುಕಟ್ಟಾಗಿ ಬಲಪುಟ ತುಂಬಿದವರು ನಿಮ್ಮ ಲೆಕ್ಕದಲ್ಲಿ ಸ್ವಂತ ಬುದ್ಧಿಯವರು. ಅಪ್ಪನ ಹತ್ತಿರ ಕಲಿತವಳು ಅಕ್ರಮದವಳು. ಇದು ಯಾವ ಸಮೀಕರಣ?

ಕೊನೆಯ ಪರಿಶೀಲನೆಯಲ್ಲಿ ನಿಮ್ಮವರು ಇನ್ನೊಂದು ಕೆಲಸ ಮಾಡಿದ್ದಾರೆ. ಅಪ್ಪ ಹೋದ ನಂತರ ವರ್ಷಿಣಿ ಲೆಕ್ಕಗಳನ್ನು ಒಬ್ಬಳೇ ಮಾಡಿದಳು. ಎಡಪುಟಗಳನ್ನು ಖಾಲಿ ಬಿಟ್ಟಿದ್ದಳು. ಆ ಖಾಲಿ ಪುಟಗಳಿಗೆಲ್ಲ ಕೆಂಪು ಶಾಯಿಯಲ್ಲಿ ಮೂಲೆಯಿಂದ ಮೂಲೆಗೆ ಗೆರೆ ಎಳೆದು ಸಣ್ಣ ಸಹಿ ಹಾಕಿದ್ದಾರೆ, ಮುಂದೆ ಯಾರೂ ಏನೂ ಬರೆಯದಂತೆ. ಇಪ್ಪತ್ತೆರಡು ಪುಟ. ಅಷ್ಟು ಎಚ್ಚರಿಕೆ ಬೇಕಾಗಿರಲಿಲ್ಲ.

ಇವತ್ತಿನ ಸಂಗತಿಗೆ ಬರುತ್ತೇನೆ. ತಮ್ಮ ದರ್ಶನವಾಗದೆ ನಾವು ಮಾತಾಡಿದ್ದು ಕಚೇರಿಯ ಗುಮಾಸ್ತ ಪ್ರಸನ್ನಬಾಬುವಿನ ಹತ್ತಿರ. ಅವರು ಕೆಟ್ಟವರಲ್ಲ. ಅವರು ಹಿಂದಿಯಲ್ಲಿ ಹೇಳಿದ್ದನ್ನು ನನ್ನ ಮಾತಿನಲ್ಲಿ ಬರೆಯುತ್ತೇನೆ.

“ಬೌದಿ, ಯಾಕೆ ಇಷ್ಟು ಕಷ್ಟ ಮಾಡಿಕೊಳ್ಳುತ್ತೀರಿ? ಪೆನ್ಸಿಲ್ ತಾನೇ. ಇಗೋ ನನ್ನ ರಬ್ಬರು. ಇಲ್ಲೇ ಕೂತು ಅಳಿಸಲಿ, ಅರ್ಧ ಗಂಟೆ. ನಾನು ಸೀಲು ಹೊಡೆಯುತ್ತೇನೆ, ಪರೀಕ್ಷೆ ಆದ ಮೇಲೆ ನೋಟ್‌ಬುಕ್ಕು ಮನೆಗೆ ಒಯ್ಯಿರಿ.”

“ಅಳಿಸದಿದ್ದರೆ?”

“ಆಗ ಈ ಮುಚ್ಚಳಿಕೆಗೆ ಮಗಳು ಸಹಿ ಮಾಡಬೇಕು. ನೋಟ್‌ಬುಕ್ಕು ಫೈಲಿನಲ್ಲಿ ಉಳಿಯುತ್ತದೆ. ವರ್ಷ ಮುಗಿದ ಮೇಲೆ ಹಳೆಯ ಉತ್ತರಪತ್ರಿಕೆಗಳ ಜೊತೆ ಹೋಗುತ್ತದೆ.”

“ಎಲ್ಲಿಗೆ?”

“ಎಲ್ಲಿಗೆ ಅಂದರೆ... ಕಾಗದದ ಗಿರಣಿಗೆ, ಬೌದಿ.”

ಹೊಸ ನೋಟ್‌ಬುಕ್ಕಿಗೆ ಬಲಪುಟಗಳನ್ನೆಲ್ಲ ನಕಲು ಮಾಡಿ ಕೊಡುತ್ತೇವೆ, ಇದನ್ನು ನಮಗೆ ಬಿಟ್ಟುಕೊಡಿ ಎಂದು ಕೇಳಿದೆ. ಅದರಲ್ಲಿ ವಾರದ ಸಹಿಗಳು ಇರುವುದಿಲ್ಲ, ನಡೆಯುವುದಿಲ್ಲ ಎಂದರು. ಕೊನೆಗೆ ಅವರೇ ದನಿ ತಗ್ಗಿಸಿ, “ನಾನು ಚಹಾಕ್ಕೆ ಹೋಗುತ್ತೇನೆ. ಫೋಟೋ ತೆಗೆದುಕೊಳ್ಳಿ, ಬೇಗ,” ಎಂದು ಎದ್ದು ಹೋದರು. ವರ್ಷಿಣಿ ಹನ್ನೊಂದು ಪುಟ ತೆಗೆಯುವಷ್ಟರಲ್ಲಿ ಯಾರೋ ಮೇಡಂ ಬಂದು ಗದರಿದರು. ಟ್ಯೂಬ್‌ಲೈಟಿನ ಕೆಳಗೆ ಪೆನ್ಸಿಲ್ ಹೊಳೆದು ಫೋಟೋದಲ್ಲಿ ಬೆಳ್ಳಗೆ ಕಾಣುತ್ತದೆ. ಎರಡು ಪುಟ ಮಾತ್ರ ಓದಲು ಬರುತ್ತವೆ.

ಮುಚ್ಚಳಿಕೆಯನ್ನು ಮಗಳು ಬಸ್ಸಿನಲ್ಲಿ ನನಗೆ ಅರ್ಥ ಮಾಡಿ ಹೇಳಿದಳು. ‘ಸದರಿ ನೋಟ್‌ಬುಕ್ಕಿನಲ್ಲಿ ಹೊರಗಿನ ವ್ಯಕ್ತಿಯೊಬ್ಬರಿಂದ ಅನಧಿಕೃತ ಸಹಾಯ ಪಡೆದಿರುವುದನ್ನು ಒಪ್ಪಿಕೊಳ್ಳುತ್ತೇನೆ. ಸದರಿ ವ್ಯಕ್ತಿಯಿಂದ ಮುಂದೆ ಯಾವುದೇ ರೀತಿಯ ಸಹಾಯ ಪಡೆಯುವುದಿಲ್ಲ ಎಂದು ಭರವಸೆ ಕೊಡುತ್ತೇನೆ.’

ಅರ್ಥ ಹೇಳಿ ಅವಳು ಕಿಟಕಿಯ ಕಡೆ ತಿರುಗಿದಳು. ಇಂಥ ಭರವಸೆಯನ್ನು ನಿಮಗೆ ಯಾವ ವಿದ್ಯಾರ್ಥಿಯೂ ಇಷ್ಟು ಖಚಿತವಾಗಿ ಕೊಟ್ಟಿರಲಾರ.

ಮಾನ್ಯರೇ, ಆ ನೋಟ್‌ಬುಕ್ಕಿನ ಎಡಪುಟ ನನಗೆ ಓದಲು ಬರುತ್ತದೆ, ಬಲಪುಟ ಬರುವುದಿಲ್ಲ. ನಿಮಗೆ ಬಲಪುಟ ಬರುತ್ತದೆ, ಎಡಪುಟ ಬರುವುದಿಲ್ಲ. ನಮ್ಮ ನಿಮ್ಮ ನಡುವೆ ಎರಡನ್ನೂ ಓದಬಲ್ಲವಳು ಅವಳೊಬ್ಬಳೇ. ಅಳಿಸುವ ಕೆಲಸವನ್ನು ನೀವು ಒಪ್ಪಿಸಿದ್ದು ಅವಳಿಗೆ. ಅಲ್ಲಿ ಬರೆದಿರುವುದು ನಕಲೋ ಉತ್ತರವೋ ಎಂದು ತಿಳಿಯಲು ಕನ್ನಡ ಬಲ್ಲ ಯಾರನ್ನಾದರೂ ಕೇಳಬಹುದಿತ್ತು. ಈ ಊರಿನ ವಿಶ್ವವಿದ್ಯಾಲಯಗಳಲ್ಲಿ ನಮ್ಮವರು ಪಾಠ ಹೇಳುತ್ತಾರೆ, ಸಾಲ್ಟ್ ಲೇಕಿನ ಕಚೇರಿಗಳಲ್ಲಿ ಇದ್ದಾರೆ. ಒಂದು ಫೋನಿನ ಕೆಲಸ. ಓದಿಸಿದ್ದರೆ ನಲವತ್ತೇಳು ಪುಟದಲ್ಲಿ ಒಂದೂ ಉತ್ತರವಿಲ್ಲ ಎಂದು ಗೊತ್ತಾಗುತ್ತಿತ್ತು.

ನಾನು ಕೇಳುವುದು ಎರಡೇ. ಪರೀಕ್ಷೆಯ ಫಲಿತಾಂಶ ಬಂದ ಮೇಲೆ ಆ ನೋಟ್‌ಬುಕ್ಕನ್ನು ಗಿರಣಿಗೆ ಕಳಿಸದೆ ನಮಗೆ ಕೊಡಿ. ಅಂಕ ಕಡಿಮೆ ಕೊಡಬೇಕಾದರೆ ಕೊಡಿ, ಸೊನ್ನೆ ಕೊಡಿ, ಕೇಳುವುದಿಲ್ಲ. ಎರಡನೆಯದು, ಆ ಮುಚ್ಚಳಿಕೆಯಲ್ಲಿ ‘ಹೊರಗಿನ ವ್ಯಕ್ತಿ’ ಎಂದಿರುವಲ್ಲಿ ‘ತಂದೆ’ ಎಂದು ತಿದ್ದಿ. ಅದು ಅಚ್ಚಾದ ಫಾರಂ, ತಿದ್ದಲು ನಿಮಗೆ ಅಧಿಕಾರವಿಲ್ಲ ಎನ್ನುವಿರಿ. ಯಾರಿಗಿದೆ ಎಂದು ಕೇಳಿದರೆ ಇನ್ನೊಂದು ಕಚೇರಿಯ ಹೆಸರು ಹೇಳುವಿರಿ. ಅಲ್ಲಿಯೂ ಒಂದು ಬೆಂಚು ಇರುತ್ತದೆ. ಇಷ್ಟು ಗೊತ್ತಿದ್ದೂ ಕೇಳುತ್ತಿದ್ದೇನೆ, ಕೇಳಲಿಲ್ಲ ಎಂದು ನಾಳೆ ನನಗೆ ನಾನೇ ಹೇಳಿಕೊಳ್ಳಬಾರದಲ್ಲ.

ವರ್ಷಿಣಿಯನ್ನು ಸಂಜೆ ಕೇಳಿದೆ, “ಏನ್ ಮಾಡ್ತೀಯವ್ವಾ?” “ಸೈನ್ ಮಾಡ್ತೀನಿ ಅವ್ವಾ. ಇರೇಸ್ ಮಾಡಿದ್ರ ಅಪ್ಪಾಂದು ಕಲ್ ಹೀ, ನಾಳೇನ, ಹೋಗ್ತದ. ಫೈಲ್‌ನ್ಯಾಗ ಇದ್ರ ಒಂದು ವರ್ಷ ಇರ್ತದ,” ಎಂದಳು. ನಾನು ಹೂಂ ಎಂದೆ. ಹತ್ತೊಂಬತ್ತು ತುಂಬದ ಹುಡುಗಿ, ಒಂದು ವರ್ಷವನ್ನು ಲಾಭ ಎಂದು ಎಣಿಸುತ್ತಾಳೆ.

ಈ ಪತ್ರ ಅಚ್ಚಾಗುವ ಹೊತ್ತಿಗೆ ಎಲ್ಲ ಮುಗಿದಿರುತ್ತದೆ. ನಾಳೆ ಗುರುವಾರ. ನಿಮ್ಮ ಕಚೇರಿ ಹತ್ತೂವರೆಗೆ ತೆರೆಯುತ್ತದೆ. ಅವಳು ಸಹಿ ಮಾಡುತ್ತಾಳೆ, ಸಾಕ್ಷಿಯ ಜಾಗದಲ್ಲಿ ನಾನು ಸಹಿ ಮಾಡಬೇಕು.

ಇಂತಿ, ಓದಲಾರದವರಿಗೆ ಬರೆದ,
ಚನ್ನಮ್ಮ ಉಮಾಪತಿ
ಬೆಹಾಲಾ, ಕೋಲ್ಕತ್ತಾ