ಬಾ ಎಂದು ಬರೆಯದ ಅತ್ತೆಗೆ

ಅತ್ತೀ,

ಕಾಗದ ಬರೆಯುವಾಗ ಮೊದಲು ನಮ್ಮ ಕ್ಷೇಮ ಹೇಳಬೇಕು, ಆಮೇಲೆ ಅವರ ಕ್ಷೇಮ ಕೇಳಬೇಕು ಎಂದು ಕಲಿಸಿದವಳು ನೀನೇ. ಮೊದಲನೆಯದನ್ನು ಹೇಗೋ ಬರೆದೇನು. ಎರಡನೆಯದನ್ನು ಈಗ ಹೇಗೆ ಬರೆಯಲಿ? ಅದಕ್ಕೇ ಆ ಎರಡೂ ಸಾಲು ಬಿಟ್ಟು ಶುರು ಮಾಡಿದ್ದೇನೆ. ನೀನು ಹೋಗಿ ನಾಲ್ಕು ತಿಂಗಳಾಯಿತು. ಇಷ್ಟು ದಿನ ಯಾಕೆ ಬರೆಯಲಿಲ್ಲ ಎಂದು ಕೇಳಿದರೆ, ಯಾರೂ ಬರೆ ಎನ್ನಲಿಲ್ಲ... ನೋಡು, ಮೊದಲ ಪುಟದಲ್ಲೇ ನನ್ನ ರೋಗ ಹೊರಬಿತ್ತು.

ಆ ದೀಪಾವಳಿಯ ಸೂಟಿ ನಿನಗೆ ನೆನಪಿದೆಯೇ? ನಾನಾಗ ಏಳನೇ ಇಯತ್ತೆ. ಅಪ್ಪ, ಅವ್ವ ದುಮ್ಮವಾಡದಲ್ಲಿ. ನಾನು ಹುಬ್ಬಳ್ಳಿಯ ಇಂಗ್ಲಿಷ್ ಶಾಲೆಯ ಹಾಸ್ಟೆಲಿನಲ್ಲಿ. ಸೂಟಿಯಲ್ಲಿ ನಾಲ್ಕು ದಿನ ಮಾತ್ರ ಅಣ್ಣಿಗೇರಿಗೆ, ಅಪ್ಪನ ಅಕ್ಕನಾದ ನಿನ್ನ ಹತ್ತಿರ. ಮುಂಜಾನೆ ಸ್ನಾನ ಮಾಡಿ, ಜಡೆ ಹಾಕಿಕೊಂಡು, ಮಂಚದ ತುದಿಯಲ್ಲಿ ಕೈಕಟ್ಟಿ ಕೂತಿದ್ದೆ. ನೀನು ಒಲೆಯ ಮುಂದಿನಿಂದ ಎರಡು ಸಲ ನೋಡಿದೆ. ಮೂರನೆಯ ಸಲ ಕೇಳಿದೆ.

"ಏನ್ ಕಾಯಾಕತ್ತಿಬೇ ಸುಮಿ?"

"ಏನಿಲ್ಲ ಅತ್ತಿ. ನಾಷ್ಟಾಕ್ಕ..."

"ಹಸಿವಿ ಆಗೇತೇನು?"

"ಗೊತ್ತಿಲ್ಲ."

ನೀನು ಸೌಟು ಹಿಡಿದುಕೊಂಡೇ ನಕ್ಕೆ. "ಹೊಟ್ಟಿ ನಿಂದು, ಗಂಟಿ ಅವರದು! ಅವರು ಗಂಟಿ ಬಾರಸೂದು ಮರತ್ರ ಉಪವಾಸ ಸಾಯ್ತಿ ನೋಡು." ನಾನೂ ನಕ್ಕೆ. ಅದು ಜೋಕು ಎಂದುಕೊಂಡಿದ್ದೆ. ಹಾಸ್ಟೆಲಿನಲ್ಲಿ ಏಳುವುದಕ್ಕೆ ಗಂಟೆ, ಪ್ರಾರ್ಥನೆಗೆ ಗಂಟೆ, ಓದುವುದಕ್ಕೆ, ಉಣ್ಣುವುದಕ್ಕೆ, ಮಲಗುವುದಕ್ಕೆ ಗಂಟೆ. ಗೇಟು ದಾಟಬೇಕಾದರೆ ಚೀಟಿ. ಅದರಲ್ಲಿ ನನಗೆ ಎಂದೂ ಕಷ್ಟವಾಗಲಿಲ್ಲ, ಅತ್ತಿ. ನಿಜ ಹೇಳಬೇಕೆಂದರೆ ಸುಖವಾಗಿತ್ತು. ಹತ್ತನೆಯ ಇಯತ್ತೆಯಲ್ಲಿ ಇಡೀ ಹಾಸ್ಟೆಲಿಗೆ ಶಿಸ್ತಿನ ಹುಡುಗಿ ಎಂದು ನನಗೇ ಬಹುಮಾನ ಕೊಟ್ಟರು. ಅದನ್ನು ತಂದು ತೋರಿಸಿದಾಗ ನೀನು ತಿರುಗಿಸಿ ತಿರುಗಿಸಿ ನೋಡಿ, "ಛಲೋ ಆತು. ಇದು ನಿನಗ ಬಂದದ್ದೋ, ಗಂಟಿಗೆ ಬಂದದ್ದೋ?" ಎಂದೆ. ಎರಡು ದಿನ ನಿನ್ನ ಜೊತೆ ಮಾತು ಬಿಟ್ಟಿದ್ದೆ.

ನಿನ್ನ ಕಥೆಯನ್ನು ನನಗೆ ಹೇಳಿದ್ದು ನೀನಲ್ಲ, ಅವ್ವ. ಗಂಡ ಹೋದ ಮೇಲೆ ನೀನು ಆರು ವರ್ಷ ನಮ್ಮ ಮನೆಯಲ್ಲಿದ್ದೆಯಂತೆ. "ಅಕ್ಕಾ ನೀರು", "ಅಕ್ಕಾ ರೊಟ್ಟಿ", "ಅಕ್ಕಾ ಕೂಸು ಹಿಡಿ". ಮುಂಜಾನೆಯಿಂದ ಸಂಜೆಯವರೆಗೆ ಯಾರು ಕರೆದರೂ ಎದ್ದು ಹೋಗುವುದು. ಒಂದು ದಿನ ರೊಟ್ಟಿ ಬಡಿಯುತ್ತಿದ್ದವಳು ಕೈ ಕೊಡವಿಕೊಂಡು ಎದ್ದು ಅಪ್ಪನಿಗೆ, "ತಮ್ಮಾ, ನೀವೇನು ನನಗ ಕೆಟ್ಟ ಮಾಡಿಲ್ಲಪಾ. ಆದ್ರ ನನ್ನ ದಿನ ಯಾವುದು ಅಂತ ನನಗ ಗೊತ್ತಾಗವಲ್ದು" ಎಂದೆಯಂತೆ. ಅಪ್ಪನಿಗೆ ಅರ್ಥವಾಗಿರಲಿಲ್ಲ. ಊರ ಮಂದಿ ಏನಂದಾರು ಎಂದು ಒಂದು ವಾರ ಉಂಡಿರಲಿಲ್ಲ. ನೀನು ಮಾತ್ರ ಅಣ್ಣಿಗೇರಿಗೆ ಬಂದು, ಸ್ಟೇಶನ್ ರೋಡಿನ ಆ ಒಂದು ಖೋಲಿ ಹಿಡಿದು, ಹೊಲಿಗೆ ಮಷೀನು ಇಟ್ಟುಕೊಂಡು ಕೂತೆ.

ಒಂದು ಮುಂಜಾನೆ ನೀನು ಖಣದ ಬಟ್ಟೆಯಲ್ಲಿ ಕುಬಸ ಕತ್ತರಿಸುವುದನ್ನು ನೋಡುತ್ತ ನಾನು ಪಕ್ಕದಲ್ಲಿ ಕೂತಿದ್ದೆ. ಗದಗಿಗೆ ಹೋಗುವ ರೈಲುಗಾಡಿ ಆಗಷ್ಟೇ ಕೂಗಿ ಹೋಗಿತ್ತು. ಹೊಲಿಯಲು ಬಂದ ಖಣ ಹನ್ನೆರಡೋ ಹದಿಮೂರೋ ಇದ್ದವು. ನೀನು ಮೂರನ್ನಷ್ಟೇ ತೆಗೆದು ಕತ್ತರಿಸಿದೆ. ಉಳಿದವುಗಳನ್ನು ಮುಟ್ಟಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಎಷ್ಟು ಹೊಲಿದು ಮುಗಿಯುತ್ತದೋ ಅಷ್ಟನ್ನೇ ಮುಂಜಾನೆ ಕತ್ತರಿಸುವುದು ನಿನ್ನ ನೇಮ. ಅಷ್ಟರಲ್ಲಿ ಅಡತಿ ವ್ಯಾಪಾರಿಯ ಹೆಂಡತಿ ಏದುಸಿರು ಬಿಡುತ್ತ ಬಂದಳು.

"ನಾಳೆ ಮದುವಿ ಐತ್ರಿ ಅಕ್ಕಾರ, ನಂದೊಂದು ಇವತ್ತ ಆಗಬೇಕು!"

"ಮದುವಿ ನಾಳೆ ಅಂತ ನಿಮಗ ಇವತ್ತ ಗೊತ್ತಾತೇನ್ರಿ?"

"ಚಾಷ್ಟಿ ಮಾಡಬ್ಯಾಡ್ರಿ..."

"ಚಾಷ್ಟಿ ಅಲ್ರಿ. ನಾಳೆ ಮುಂಜಾನಿ ಗಾಡಿ ಹೋದ ಕೂಡ್ಲೆ ಮೊದಲ ನಿಮ್ದ ಕತ್ತರಸ್ತೀನಿ, ಅಕ್ಕಿಕಾಳು ಬೀಳೂ ಹೊತ್ತಿಗೆ ಮೈಮ್ಯಾಲಿರತೈತಿ. ಇವತ್ತ ಕತ್ತರಸಿದ್ರ ಮೂರು ಮಂದೀದು ಅರ್ಧಮರ್ಧ ಆಗ್ತೈತಿ."

ಆಕೆ ಗೊಣಗುತ್ತ ಹೋದಳು. ಸಂಜೆ ಮೂರೂ ಕುಬಸ ಮಡಚಿಟ್ಟು, ನೀನು ಹೊರಗಿನ ಕಟ್ಟೆಯ ಮೇಲೆ ಕಾಲು ಚಾಚಿ ಕೂತು ಶೇಂಗಾ ತಿನ್ನುತ್ತಿದ್ದ ರೀತಿ! ಅಷ್ಟು ನಿರುಂಬಳವಾಗಿ ಕೂತ ಇನ್ನೊಬ್ಬರನ್ನು ನಾನು ಈವರೆಗೆ ನೋಡಿಲ್ಲ. ದೊಡ್ಡ ಮನುಷ್ಯರಾಗುವುದು ಎಂದರೆ ಏನೇನೋ ಎಂದು ನಮಗೆ ಶಾಲೆಯಲ್ಲಿ ಇಂಗ್ಲಿಷಿನಲ್ಲಿ ಹೇಳಿಕೊಡುತ್ತಿದ್ದರು. ಅದು ಹೀಗಿರಬಹುದು ಎಂದು ಯಾರೂ ಹೇಳಿರಲಿಲ್ಲ.

ಧಾರವಾಡದ ಕಾಲೇಜಿಗೆ ಸೇರಿದ ಮೊದಲ ಸೋಮವಾರ ನಾನು ಎಂಟೂವರೆಗೆ ಎದ್ದೆ. ಬಿ.ಎಸ್ಸಿ. ಮೊದಲ ವರ್ಷ, ಮೊದಲ ತಾಸು ಗಣಿತ, ಎಂಟು ಗಂಟೆಗೆ. ಈ ಹಾಸ್ಟೆಲಿನಲ್ಲಿ ಗಂಟೆಯೇ ಇಲ್ಲ, ಅತ್ತಿ. ಓದು ಎನ್ನುವವರಿಲ್ಲ, ಮಲಗು ಎನ್ನುವವರಿಲ್ಲ. ಉಳಿದ ಹುಡುಗಿಯರು ಕುಣಿದಾಡುತ್ತಿದ್ದರು. ನನಗೆ ಎದೆ ಡವಡವ. ರೂಮಿನ ಜೊತೆಗಾತಿ ಕಮಲಾ, ಕುಂದಗೋಳದವಳು, ಊಟಕ್ಕೆ ಎದ್ದರೆ ನಾನೂ ಏಳುತ್ತಿದ್ದೆ, ಆಕೆ ಮಲಗಿದರೆ ಮಲಗುತ್ತಿದ್ದೆ. ಹೆದರಿಕೆ ಹೆಚ್ಚಾದಾಗ ಬಣ್ಣದ ಪೆನ್ಸಿಲ್ ತೆಗೆದುಕೊಂಡು ಟೈಮ್‌ಟೇಬಲ್ ಬರೆಯುತ್ತಿದ್ದೆ. ನಾಲ್ಕು ಗಂಟೆಗೆ ಏಳುವುದು, ನಾಲ್ಕೂ ಹತ್ತಕ್ಕೆ ಕ್ಯಾಲ್ಕುಲಸ್... ಒಂದು ದಿನವೂ ಅದರಂತೆ ನಡೆಯಲಿಲ್ಲ. ನಡೆಯದಿದ್ದಾಗ ಇನ್ನೊಂದು ಬರೆಯುತ್ತಿದ್ದೆ, ಮೊದಲಿನದಕ್ಕಿಂತ ಚೆಂದದ್ದು. ದಸರಾ ಸೂಟಿಗೆ ಬಂದಾಗ ಏಳನೆಯದನ್ನು ನಿನಗೆ ತೋರಿಸಿದೆ. ನೀನು ಕನ್ನಡಕ ಹಾಕಿಕೊಂಡು ಬೆರಳಿಟ್ಟು, ಇಂಗ್ಲಿಷಿನಲ್ಲಿದ್ದುದನ್ನು ನನ್ನಿಂದ ಓದಿಸಿಕೊಂಡೆ.

"ಇದರಾಗ ಊಟ ಎಲ್ಲೈತಿ?"

ಊಟ ಬರೆಯುವುದನ್ನೇ ಮರೆತಿದ್ದೆ.

"ಇಷ್ಟು ಅರಿವಿ ಒಮ್ಮೆಲೇ ಕತ್ತರಸಿ ಹಾಸಿದ್ರ ಹೊಲಿಯವರು ಯಾರವ್ವಾ? ಒಂದ ಒಂದು ತಗೋ. ಮುಂಜಾನಿ ಎದ್ದು ಇದೊಂದು ಇವತ್ತ ನಂದು ಅನ್ನು. ಸಂಜಿಕ ಅದನ್ನ ಮಡಚಿ ಇಡು. ಸಾಕು."

"ಯಾವುದನ್ನ ತಗೋಳ್ಲಿ ಅತ್ತಿ? ನೀನ ಹೇಳು."

ನೀನು ಕನ್ನಡಕ ತೆಗೆದು ನನ್ನನ್ನೇ ನೋಡಿದೆ. ಸಿಟ್ಟಿರಲಿಲ್ಲ. ಏನೋ ಲೆಕ್ಕ ಹಾಕುತ್ತಿದ್ದಂತೆ ಇತ್ತು. "ನಾ ಹೇಳಂಗಿಲ್ಲ," ಎಂದೆ. "ಇನ್ನ ಮ್ಯಾಲೆ ನಿನಗ ಏನೂ ಹೇಳಂಗಿಲ್ಲ ನಾನು." ಆ ಮಾತನ್ನು ಅಷ್ಟು ಕಟ್ಟುನಿಟ್ಟಾಗಿ ನಡೆಸುತ್ತೀಯೆಂದು ನಾನು ಎಲ್ಲಿ ತಿಳಿದಿದ್ದೆ...

ನಿನ್ನ ಕಾರ್ಡು ಬಂದ ದಿನ ಕೆಮಿಸ್ಟ್ರಿ ಪ್ರಾಕ್ಟಿಕಲ್ ಮುಗಿಸಿ ಬಂದಿದ್ದೆ. ದುಂಡನೆಯ ದೊಡ್ಡ ಅಕ್ಷರ, ನಾಲ್ಕೇ ಸಾಲು. "ನನಗೆ ಕಾಮಾಲೆ ಆಗಿದೆ. ಔಷಧ ತೆಗೆದುಕೊಂಡಿದ್ದೇನೆ. ಸುಗ್ಗಿ ನಡೆದಿದೆ, ತಮ್ಮನಿಗೆ ತಿಳಿಸಿಲ್ಲ. ನಿನಗೆ ತಿಳಿಸಿದ್ದೇನೆ." ಅಷ್ಟೇ. ನಾನು ಹಿಂದೆ ಮುಂದೆ ತಿರುಗಿಸಿದೆ. ಬಾ ಎಂದು ಎಲ್ಲೂ ಇರಲಿಲ್ಲ. ಹಾಸ್ಟೆಲಿನ ರೆಕ್ಟರ್ ಮೇಡಮ್ ಅವರ ಹತ್ತಿರ ಹೋಗಿ ಪರ್ಮಿಶನ್ ಕೇಳಿದೆ. ಅವರು ಕಣ್ಣೆತ್ತಲೂ ಇಲ್ಲ. "ರಿಜಿಸ್ಟರ್‌ದಾಗ ಸಹಿ ಮಾಡಿ ಹೋಗವಾ. ಕಾಲೇಜ್ ಹುಡುಗಿ ನೀ, ನನ್ನೇನು ಕೇಳ್ತಿ?"

ನನ್ನ ಸಹಿಯೊಂದೇ ಸಾಕು ಎಂದು ಯಾರಾದರೂ ಹೇಳಿದ್ದು ಜೀವನದಲ್ಲಿ ಅದೇ ಮೊದಲು. ಪೆನ್ನು ಕೈಯಲ್ಲೇ ಇತ್ತು. ಮಾಡಲಿಲ್ಲ. ಮೇಲೆ ಬಂದು ಕಮಲಾಳಿಗೆ ಕಾರ್ಡು ತೋರಿಸಿದೆ.

"ಹೋಗಬೇಕಂತ ಐತೇನು?"

"ಅತ್ತಿ ಬಾ ಅಂತ ಬರದಿಲ್ಲಲ್ಲ?"

"ಬರಬ್ಯಾಡ ಅಂತನೂ ಬರದಿಲ್ಲಲೇ, ಹುಚ್ಚಿ! ಜಡ್ಡು ಬಂದವರು ಆಮಂತ್ರಣ ಪತ್ರಿಕಾ ಹೊಡಸ್ತಾರೇನು?"

ಆದರೂ ನಾನು ಮಾಡಿದ್ದೇನು? ಕೂತು ನಿನಗೆ ಕಾಗದ ಬರೆದೆ: "ನಾನು ಬರಲೇ?" ಧಾರವಾಡದಿಂದ ಹುಬ್ಬಳ್ಳಿ, ಅಲ್ಲಿಂದ ಗದಗಿನ ಬಸ್ಸು. ಮುಂಜಾನೆ ಹೊರಟರೆ ಮಧ್ಯಾಹ್ನದ ಊಟಕ್ಕೆ ನಿನ್ನ ಮನೆ. ಅಷ್ಟು ದಾರಿಗೆ ನಾನು ಎಂಟು ದಿನ ಉತ್ತರ ಕಾಯ್ದೆ. ಉತ್ತರವೂ ಬಂತು. ಈ ಸಲ ಅಕ್ಷರ ಸೊಟ್ಟಗಾಗಿದ್ದವು. "ನಿನ್ನ ದಿನ ನಿನಗೆ ಗೊತ್ತು. ಬಂದರೆ ಛಲೋ." ಬಂದರೆ ಛಲೋ ಎಂದರೆ ಏನು? ಪರೀಕ್ಷೆಯ ಪ್ರಶ್ನೆಯ ಹಾಗೆ ಅದನ್ನು ಓದಿದೆ. ಬಾ ಎಂದೋ, ಬರದಿದ್ದರೂ ನಡೆಯುತ್ತದೆ ಎಂದೋ? ಶನಿವಾರ ಟೆಸ್ಟ್ ಇದೆ, ಮುಗಿಸಿ ನೋಡೋಣ ಎಂದುಕೊಂಡೆ. ಆ ಟೆಸ್ಟಿಗೂ ಓದಲಿಲ್ಲ ಎನ್ನುವುದನ್ನು ನಿನಗೆ ಮಾತ್ರ ಹೇಳುತ್ತಿದ್ದೇನೆ.

ಶುಕ್ರವಾರ ಮುಂಜಾನೆ ತಂತಿ ಬಂತು, ಅಪ್ಪ ಕಳಿಸಿದ್ದು. "ಆಂಟ್ ಸೀರಿಯಸ್ ಸ್ಟಾರ್ಟ್ ಇಮಿಡಿಯೆಟ್ಲಿ." ಹತ್ತೇ ನಿಮಿಷದಲ್ಲಿ ನಾನು ಗೇಟಿನ ಹೊರಗಿದ್ದೆ, ಅತ್ತಿ. ಹತ್ತು ನಿಮಿಷ! ಚೀಲ ತುಂಬಿಕೊಂಡೆ, ಸಹಿ ಮಾಡಿದೆ, ಓಡಿದೆ. ಹೊರಡು ಎಂದು ಒಬ್ಬರು ಹೇಳಿಬಿಟ್ಟಿದ್ದರಲ್ಲ, ಇನ್ನೇನು ತಡ? ಬಸ್ಸಿನಲ್ಲಿ ಕೂತ ಮೇಲೆ ಆ ಹತ್ತು ನಿಮಿಷದ ಅರ್ಥ ಹೊಳೆಯತೊಡಗಿತು. ಹೆಬಸೂರು ದಾಟುವ ಹೊತ್ತಿಗೆ ಕಿಟಕಿಯ ಸರಳು ಹಿಡಿದುಕೊಂಡು ಅಳುತ್ತಿದ್ದೆ.

ಖೋಲಿಯ ಬಾಗಿಲಲ್ಲಿ ಮಂದಿ. ಸಂದಿನಿಂದ ನೋಡಿದೆ. ನೀನು ಗೋಡೆಗೆ ಒರಗಿ ಕೂತಿದ್ದೆ. ಒಂದು ಕ್ಷಣ, ಅಯ್ಯೋ, ಎದ್ದು ಕೂತಿದ್ದಾಳೆ, ಆರಾಮಾಗಿದ್ದಾಳೆ ಎಂದೇ... ಆಮೇಲೆ ಹಣೆಯ ತುಂಬ ಬಳಿದ ವಿಭೂತಿ ಕಂಡಿತು, ಕೊರಳಿನ ಹೂವು ಕಂಡಿತು. ನಮ್ಮಲ್ಲಿ ಹೋದವರನ್ನು ಕೂರಿಸುತ್ತಾರೆ ಎನ್ನುವುದು ನನಗೆ ಗೊತ್ತಿತ್ತು. ಗೊತ್ತಿದ್ದದ್ದು ಆ ಕ್ಷಣಕ್ಕೆ ಗೊತ್ತಿರಲಿಲ್ಲ.

ಮಣ್ಣು ಮುಗಿಸಿ ಬಂದ ಮೇಲೆ ನಿನ್ನ ಬಾಜು ಮನೆಯ ನೀಲವ್ವ ನನ್ನನ್ನು ಹಿಂದಿನ ಕಟ್ಟೆಗೆ ಕರೆದೊಯ್ದಳು. ಎರಡು ದಿನದ ಹಿಂದೆ ನಿನಗೆ ಎಚ್ಚರ ತಪ್ಪಿದಾಗ ಆಕೆಯೇ ಅಪ್ಪನಿಗೆ ಹೇಳಿಕಳಿಸಿದ್ದಳಂತೆ. "ಕಾರ್ಡ್ ಹಾಕಿದಾಗಿಂದ, ಹುಬ್ಬಳ್ಳಿ ಕಡಿಂದ ಗಾಡಿ ಬಂದಾಗೊಮ್ಮೆ ಎದ್ದು ಕೂಡ್ತಿದ್ಲವಾ. ತಲಿ ಹಿಕ್ಕು ಅಂತಿದ್ಲು. ನಾ ಅಂದೆ, ಅಕ್ಕಾ, ಬಾ ಅಂತ ಒಂದು ಮಾತು ಬರಸೂಣು, ಕೂಸು ಓಡಿ ಬರತೈತಿ. ಅದಕ್ಕ ಏನಂದ್ಲು ಗೊತ್ತೇನು? ಕರದ್ರ ಬಂದ ಬರ್ತಾಳ ನೀಲವ್ವಾ. ಕರೀಲಾರದ ಬರೂದನ್ನ ಒಮ್ಮಿ ನೋಡಬೇಕಾಗೇತಿ."

ಅತ್ತೀ, ನನಗೆ ನಿನ್ನ ಮೇಲೆ ಸಿಟ್ಟೂ ಇದೆ. ಬರೆಯಬಾರದೇನೋ, ಆದರೂ ಬರೆಯುತ್ತೇನೆ. ಒಂದೇ ಅಕ್ಷರ ಅಲ್ಲವೇ ಅದು? ಹಾಕಿಬಿಟ್ಟಿದ್ದರೆ ನಿನ್ನ ಕೈ ಹಿಡಿದುಕೊಂಡು ಹದಿನೈದು ದಿನ ಕೂತಿರುತ್ತಿದ್ದೆ. ಗಂಜಿ ಕುಡಿಸುತ್ತಿದ್ದೆ, ಹುಬ್ಬಳ್ಳಿಯ ದವಾಖಾನೆಗೆ ಒಯ್ಯುತ್ತಿದ್ದೆ. ಪಾಠ ಕಲಿಸಲು ನಿನಗೆ ಬೇರೆ ಹೊತ್ತು ಸಿಗಲಿಲ್ಲವೇ? ಹೀಗೆ ಜಗಳ ತೆಗೆಯುತ್ತೇನೆ, ಅರ್ಧಕ್ಕೇ ಸೋಲುತ್ತೇನೆ. ಆರು ವರ್ಷ ಕರೆದಲ್ಲೆಲ್ಲ ಎದ್ದು ಹೋದವಳು ಇನ್ನೊಬ್ಬರನ್ನು ಹಾಗೆ ಕರೆಯಲಾರಳು. ನೀನು ಬಾಯಿ ಬಿಟ್ಟು ಕೇಳಿದ್ದು ನನ್ನಿಂದ ಏನೂ ಇಲ್ಲ; ಕೇಳದೆ ಬಯಸಿದ್ದು ಅದೊಂದೇ.

ಮಾರ್ಚಿನ ಪರೀಕ್ಷೆಯಲ್ಲಿ ನಾನು ಗಣಿತದಲ್ಲಿ ಫೇಲಾದೆ. ಅಪ್ಪ ಬೈಯಲಿಲ್ಲ. ಪಡಸಾಲೆಯಲ್ಲಿ ಕೂತು, "ಮುಂದ ಏನ್ ಮಾಡ್ತಿ?" ಎಂದರು. ಬಾಯಿಗೆ ಬಂದದ್ದು ಅದೇ ಹಳೆಯ ಮಾತು: "ನೀವು ಹೇಳಿದಂಗ ಅಪ್ಪಾ." "ನಿಮ್ಮತ್ತಿ ಇದ್ದಿದ್ರ ಈಗ ನಿನಗ ಒಂದು ಬಿಡ್ತಿದ್ಲು," ಎಂದು ಅಪ್ಪ ಎದ್ದು ಹೋದರು. ಮರುದಿನ ಮುಂಜಾನೆ ನಾನೇ ಹೋಗಿ, ಅದೇ ಗಣಿತಕ್ಕೆ ಮತ್ತೆ ಕೂಡುತ್ತೇನೆ, ಬಿಡುವುದಿಲ್ಲ ಎಂದು ಹೇಳಿ ಬಂದೆ. ಒಂದು ದಿನ ತಡ. ಆದರೂ ಹೇಳಿದೆ.

ಈಗ ಮುಂಜಾನೆ ಒಂದೇ ಒಂದು ಲೆಕ್ಕದ ಪಾಠ ತೆಗೆಯುತ್ತೇನೆ. ನನ್ನನ್ನು ಎಬ್ಬಿಸಬೇಡ ಎಂದು ಕಮಲಾಳಿಗೆ ಹೇಳಿಬಿಟ್ಟಿದ್ದೇನೆ. ಒಂಬತ್ತು ದಿನ ನಡೆಯಿತು, ಹತ್ತನೆಯ ದಿನ ಮಲಗೇಬಿಟ್ಟೆ, ಹನ್ನೊಂದನೆಯ ದಿನ ಎದ್ದೆ. ಹೊಸ ಟೈಮ್‌ಟೇಬಲ್ ಮಾತ್ರ ಬರೆಯಲಿಲ್ಲ. ಗೆದ್ದೆ ಎನ್ನಲಾರೆ, ಎದೆಯ ಡವಡವ ಇನ್ನೂ ಇದೆ. ಆದರೆ ಯಾವ ದಿನ ಹಾಳಾಯಿತು, ಯಾವುದು ಹಾಳಾಗಲಿಲ್ಲ ಎಂದು ಈಗ ನನಗೇ ಗೊತ್ತಾಗುತ್ತದೆ. ಅದು ಗೊತ್ತಾಗುವುದೇ ಇಷ್ಟು ಸಮಾಧಾನ ಎಂದು ನಿನ್ನ ಕಟ್ಟೆಯ ಮೇಲೆ ಕೂತು ಹೇಳಬೇಕಿತ್ತು.

ಇನ್ನೊಂದು ಸುದ್ದಿ ಹೇಳಿ ಮುಗಿಸುತ್ತೇನೆ. ಹೋದ ವಾರ ಅಪ್ಪನ ಕಾಗದ ಬಂತು, ಎಂದಿನಂಥದ್ದೇ. ಎತ್ತು, ಮಳೆ, ಕೊನೆಗೆ ಒಂದು ಸಾಲು: ಅವ್ವನಿಗೆ ತುಸು ಕೆಮ್ಮು, ಕಾಳಜಿ ಬೇಡ. ಬುಧವಾರ ಮುಂಜಾನೆ ನನ್ನ ಪಾಠ ಮುಗಿಸಿ, ಕಲಘಟಗಿ ಬಸ್ಸು ಹತ್ತಿ ದುಮ್ಮವಾಡಕ್ಕೆ ಹೋದೆ. ಅವ್ವ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಳು. ನನ್ನನ್ನು ನೋಡಿ ಸಾಬೂನು ಕೈಯಲ್ಲೇ ಎದ್ದು ನಿಂತಳು.

"ಯಾಕಬೇ? ಏನಾತು? ಸೂಟಿ ಏನು? ಯಾರ ಕರದ್ರು ನಿನ್ನ?"

"ಯಾರೂ ಕರದಿಲ್ಲಬೇ ಯವ್ವಾ."

"ಮತ್ಯಾಕ ಬಂದಿ?"

"ಬಂದೆ."

ಅವ್ವನಿಗೆ ಏನೂ ಆಗಿರಲಿಲ್ಲ, ಅತ್ತಿ. ಆರಾಮಾಗಿದ್ದಳು. ಆರಾಮಾಗಿದ್ದಾಗಲೇ ಹೋಗಿ, ಆಕೆಯ ಕೈಯಿಂದ ಒದ್ದೆ ಸೀರೆ ತೆಗೆದುಕೊಂಡು ಹಿಂಡಿ ಒಣಹಾಕಿ ಬಂದೆ.

ನಿನ್ನ
ಸುಮಿ