ನನ್ನ ನೀರು, ನಿನ್ನ ಗೋಡೆ

ಆರ್‌ಪಿಸಿ ಲೇಔಟ್, ಬೆಂಗಳೂರು
೧೮ ಡಿಸೆಂಬರ್ ೨೦೨೫, ಗುರುವಾರ

ತಮ್ಮ ನಾಗಭೂಷಣನಿಗೆ ಅಣ್ಣ ಜಂಬಣ್ಣನ ಆಶೀರ್ವಾದ.

ಬಳ್ಳಾರಿಯಲ್ಲಿ ನೀನು, ಹೇಮಶ್ರೀ ಆರೋಗ್ಯವಾಗಿದ್ದೀರಿ ಎಂದು ತಿಳಿದಿದ್ದೇನೆ. ನಿನ್ನ ಬೆನ್ನುನೋವು ಹೇಗಿದೆ? ಎಣ್ಣೆ ಹಚ್ಚಿಸಿಕೋ, ಆ ಸ್ಪ್ರೇ ನಂಬಬೇಡ. ನನ್ನ ಮಂಡಿ ಹಾಗೇ ಇದೆ. ನಿನ್ನ ಅತ್ತಿಗೆ ಗಟ್ಟಿಯಾಗಿದ್ದಾಳೆ, ಅವಳ ಹಿಟ್ಟಿನ ಗಿರಣಿ ನಿಂತ ದಿನ ಮಾತ್ರ ಮುಖ ಇಳಿಯುತ್ತೆ. ಫೋನ್ ಮಾಡದೆ ಕಾಗದ ಯಾಕೆ ಅಂತ ಕೇಳಬೇಡ. ಫೋನಿನಲ್ಲಿ ನಾನು ಎರಡು ಮಾತು ಬೈಯುವಷ್ಟರಲ್ಲಿ ‘ಅಣ್ಣಾ, ಕೇಳಿಸ್ತಿಲ್ಲ, ಸಿಗ್ನಲ್ ಇಲ್ಲ’ ಅಂತೀಯ. ಕಾಗದಕ್ಕೆ ಸಿಗ್ನಲ್ ಬೇಕಿಲ್ಲ.

ಯುಗಾದಿಗೆ ಬಂದಿದ್ದೆಯಲ್ಲ, ನೆನಪು ಮಾಡಿಕೋ. ಗಿರಣಿ ದುಡಿದದ್ದನ್ನೆಲ್ಲ ಕರೆಂಟ್ ಬಿಲ್ಲೇ ನುಂಗುತ್ತಿದೆ ಎಂದು, ಕಾಮಾಕ್ಷಿಪಾಳ್ಯದ ಶೆಡ್ಡಿನಲ್ಲಿದ್ದ ನನ್ನ ಲೇತ್ ಮಾರಿ ಮಹಡಿಯ ಮೇಲೆ ಸೋಲಾರ್ ಹಾಕಿಸಲು ಹೊರಟಿದ್ದೆ. ಅಳತೆಗೆ ಬಂದ ಇಂಜಿನಿಯರ್ ಮಧ್ವೇಶ್ ನಮ್ಮಿಬ್ಬರ ಮುಂದೆಯೇ ಲೆಕ್ಕ ಹೇಳಿದ. ಒಂದು ಕಿಲೋವ್ಯಾಟಿಗೆ ದಿನಕ್ಕೆ ನಾಲ್ಕು ಯೂನಿಟ್, ಮೂರಕ್ಕೆ ಹನ್ನೆರಡು. ನಾನು ಐದನೇ ಕ್ಲಾಸಿಗೆ ಸ್ಲೇಟು ಬಿಟ್ಟವನು, ನನಗೆ ಕಳೆಯುವ ಲೆಕ್ಕ ಮಾತ್ರ ಚೆನ್ನಾಗಿ ಬರುತ್ತೆ. ಮೋಡಕ್ಕೆ ಕಳೆ, ಧೂಳಿಗೆ ಕಳೆ, ಮಳೆಗಾಲಕ್ಕೆ ಕಳೆ ಎಂದೆ. ಅವನೂ ನಕ್ಕು ಹತ್ತಕ್ಕೆ ಇಳಿಸಿದ. ಹಾಗಾದರೂ ಐದಾರು ವರ್ಷಕ್ಕೆ ಹಾಕಿದ ದುಡ್ಡು ವಾಪಸ್, ಆಮೇಲೆ ಬಿಸಿಲೆಲ್ಲ ನಮ್ಮದೇ. ಕೊನೆಗೆ ಅವನು ಪಕ್ಕದ ನಿನ್ನ ಖಾಲಿ ಸೈಟಿನ ಕಡೆ ಕೈ ತೋರಿಸಿ, ‘ಸಾರ್, ದಕ್ಷಿಣಕ್ಕೆ ಏನಾದ್ರೂ ಎತ್ತರಕ್ಕೆ ಬರುತ್ತಾ?’ ಎಂದು ಕೇಳಿದ. ನಾನು ಬಾಯಿ ತೆಗೆಯುವ ಮೊದಲೇ ನೀನು, ‘ಅದು ನಂದೇ ಕಣ್ರೀ. ಕಟ್ಟಿದ್ರೂ ಅಣ್ಣನ ಪ್ಯಾರಾಪೆಟ್ ಮಟ್ಟಕ್ಕೆ ನಿಲ್ಲಿಸ್ತೀನಿ’ ಅಂದೆ. ಎಲ್ಲದಕ್ಕೂ ಕಳೆದ ನಾನು ತಮ್ಮನಿಗೆಂದು ಏನೂ ಕಳೆಯಲಿಲ್ಲ.

ಮಳೆಗಾಲಕ್ಕೆ ಮುಂಚೆ ನೀನು ಪಾಯ ತೆಗೆಸಿದೆ. ‘ಅಣ್ಣಾ, ಟ್ಯಾಂಕರ್ ನೀರು ದುಬಾರಿ, ನಿನ್ನ ಬೋರಿಂದ ಒಂದು ಪೈಪು ಬಿಡು’ ಅಂದೆ, ಬಿಟ್ಟೆ. ನಿನ್ನ ಮೇಸ್ತ್ರಿ ಸಂಜೆಯಾದರೆ ಹೊರಟುಬಿಡುತ್ತಾನೆ. ಹೊಸ ಗೋಡೆ ಒಣಗಿ ಬಿರುಕು ಬಿಟ್ಟೀತೆಂದು ಈ ಮಂಡಿ ಎಳೆದುಕೊಂಡು ನಾನೇ ಪೈಪು ಹಿಡಿದು ನೀರು ಹೊಡೆದಿದ್ದೇನೆ. ಗೋಡೆ ಪ್ಯಾರಾಪೆಟ್ ದಾಟಿದಾಗ ಕೇಳಿದೆ. ‘ಬಾಡಿಗೆಗೆ ಒಂದೇ ಒಂದು ಮಹಡಿ ಅಣ್ಣಾ’ ಅಂದೆ. ಆಗ ಸೂರ್ಯ ನೆತ್ತಿಯ ಮೇಲಿದ್ದ, ಪ್ಯಾನಲ್ಲಿಗೆ ಏನೂ ಆಗಲಿಲ್ಲ, ಸುಮ್ಮನಾದೆ. ಈಗ ಸೂರ್ಯ ದಕ್ಷಿಣಕ್ಕೆ ವಾಲಿದ್ದಾನೆ. ನಿನ್ನದು ಮೂರನೇ ಮಹಡಿಗೆ ಬಂದಿದೆ. ತಿಂಡಿ ಹೊತ್ತಿಗೆ ಬಂದು ಕೂತ ನೆರಳು ಸಂಜೆ ಗಿರಣಿ ಮುಚ್ಚುವವರೆಗೆ ಏಳುವುದಿಲ್ಲ, ಮನೆಅಳಿಯನ ಹಾಗೆ. ಒಂದು ಪ್ಯಾನಲ್ಲಿನ ಮೂಲೆಗೆ ನೆರಳು ಬಿದ್ದರೂ ಸಾಲಿಗೆ ಸಾಲೇ ಮಂಕಾಗುತ್ತೆ, ಪಂಕ್ತಿಯಲ್ಲಿ ಒಬ್ಬ ಎದ್ದರೆ ಎಲ್ಲರೂ ಕೈ ತೊಳೆದ ಹಾಗೆ. ಹತ್ತು ಬರಬೇಕಾದಲ್ಲಿ ನಾಲ್ಕು ಯೂನಿಟ್ ಬರುತ್ತಿದೆ. ಬಿಲ್ಲು ಮತ್ತೆ ಮೊದಲಿನ ದಾರಿಗೆ ಬಂತು. ಗಿರಣಿ ಮಾರಿಬಿಡೋಣವಾ ಎಂದು ನಿನ್ನ ಅತ್ತಿಗೆ ಮೊನ್ನೆ ಕೇಳಿದಳು. ಮಾರಲು ನನ್ನ ಹತ್ತಿರ ಇನ್ನು ಲೇತ್ ಇಲ್ಲ, ಅದಕ್ಕೆ.

ಇಷ್ಟಾದರೂ ನೀನು ತಿಳಿಯದೆ ಮಾಡಿದ್ದೀಯ ಅಂದುಕೊಂಡಿದ್ದೆ. ನಿನ್ನೆ ಮಧ್ವೇಶನನ್ನು ಕರೆಸಿ ಮಹಡಿಯ ಮೇಲೆ ನಿಲ್ಲಿಸಿ ಬಾಯಿಗೆ ಬಂದದ್ದು ಬೈದೆ. ಪಾಪ, ಅವನಿಗೂ ರೇಗಿತು. ‘ನನ್ನ ಯಾಕೆ ಬೈತೀರಾ ಸಾರ್? ಅವತ್ತು ಗೇಟಿನ ಹತ್ರ ನಿಮ್ಮ ತಮ್ಮನವರೇ ಕೇಳಿದ್ರು, ನಾವು ಕಟ್ಟೋ ನಾಲ್ಕನೇ ಮಹಡಿ ಮೇಲೆ ಸೋಲಾರ್ ಹಾಕಿದ್ರೆ ಎಷ್ಟು ಬರುತ್ತೆ ಅಂತ. ನಿಮ್ಮಣ್ಣನ ಕಡೆ ನೆರಳಾಗುತ್ತಲ್ಲ ಅಂದಿದ್ದಕ್ಕೆ, ಅವರಿಗೆ ನಾನೇ ಹೇಳ್ತೀನಿ ಬಿಡಿ ಅಂದ್ರು.’

ಅವತ್ತೇ ಭೂಷಣ. ನನ್ನ ಮನೆಯಲ್ಲಿ ಹೋಳಿಗೆ ತಿಂದು, ಕೈ ಒರೆಸಿಕೊಂಡು, ಗೇಟಿನ ಹತ್ತಿರ. ನಿನ್ನ ಅತ್ತಿಗೆಗೆ ಇದನ್ನಿನ್ನೂ ಹೇಳಿಲ್ಲ. ‘ನಿಮ್ಮ ತಮ್ಮ ಅಲ್ವಾ, ಮರೆತಿರ್ತಾನೆ ಬಿಡಿ’ ಅನ್ನುತ್ತಲೇ ಇದ್ದಾಳೆ. ‘ಅಣ್ಣನ ನೆರಳಲ್ಲಿ ಬೆಳೆದವನು ನಾನು’ ಎಂದು ಬಳ್ಳಾರಿ ಮನೆಯ ಗೃಹಪ್ರವೇಶದಲ್ಲಿ ನೀನು ಮೈಕು ಹಿಡಿದು ಹೇಳಿದ್ದೆ. ಆ ಸಾಲ ಹೀಗೆ ತೀರಿಸುತ್ತೀಯ ಎಂದು ಗೊತ್ತಿದ್ದರೆ ನಿನ್ನನ್ನು ಬಿಸಿಲಲ್ಲೇ ಬಿಡುತ್ತಿದ್ದೆ.

ಹೇಮಶ್ರೀಗೆ ನನ್ನ, ನಿನ್ನ ಅತ್ತಿಗೆಯ ಆಶೀರ್ವಾದ. ನಿನಗೆ ಮೇಲೆ ಬರೆದದ್ದೇ ಸಾಕು.

ಇಂತಿ,
ಜಂಬಣ್ಣ

ಮರೆತೆ. ಬೆಳಗ್ಗೆ ಬೋರಿನ ಸ್ವಿಚ್ ಆರಿಸಿ ಪೆಟ್ಟಿಗೆಗೆ ಬೀಗ ಹಾಕಿದ್ದೇನೆ. ನಿನ್ನ ಮೂರನೇ ಮಹಡಿಯ ಹಸಿ ಗೋಡೆ ಈಗಾಗಲೇ ಬಿಳಿಚಿಕೊಂಡಿದೆ, ಮೇಸ್ತ್ರಿ ನಿನಗೆ ಫೋನ್ ಮಾಡುತ್ತಿರಬಹುದು. ಅತ್ತಿಗೆಗೆ ಫೋನ್ ಹಚ್ಚಿ ಗೋಗರೆಯಬೇಡ, ಬೀಗದ ಕೈ ನನ್ನ ಜೇಬಿನಲ್ಲಿದೆ. ನೀನೇ ಬಾ. ಪ್ಯಾನಲ್ ಪಕ್ಕ ಕೂತು, ಗೇಟಿನ ಹತ್ತಿರ ಮಧ್ವೇಶನಿಗೆ ಹೇಳಿದ್ದನ್ನು ನನಗೂ ನಿನ್ನ ಬಾಯಿಂದಲೇ ಹೇಳು. ಬರುವಾಗ ಸ್ವೆಟರ್ ತಗೊಂಡು ಬಾ. ಅಲ್ಲಿ ಮಧ್ಯಾಹ್ನವೂ ಚಳಿ.